ಎಡಮೈ ಸಾಣೆಯ ಕತ್ತಿ

ಎಡಗೈಯನ್ನು ಎಲ್ಲಿಡಬೇಕೆಂದು ಬಸ್ಸಿನಲ್ಲಿ ಕರಿಯಪ್ಪನಿಗೆ ತಿಳಿಯಲಿಲ್ಲ. ತೊಡೆಯ ಮೇಲೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಹಿಪ್ಪುನೇರಳೆ ಸೊಪ್ಪಿನ ಕಟ್ಟಿತ್ತು. ಅದನ್ನು ಬಲಗೈ ಹಿಡಿದಿತ್ತು. ಎಡಗೈಗೆ ಕೆಲಸವಿರಲಿಲ್ಲ. ಕಿಟಕಿಯ ಸರಳಿನ ಮೇಲಿಟ್ಟ, ತೆಗೆದ; ಟವೆಲ್ಲಿನೊಳಗೆ ತೂರಿಸಿದ; ಕೊನೆಗೆ ಕಟ್ಟಿನ ಅಡಿಗೆ, ಸೊಪ್ಪಿನ ತಂಪು ತಾಗುವ ಕಡೆ, ಯಾರಿಗೂ ಕಾಣದ ಹಾಗೆ ಅದುಮಿ ಕೂತ. ನಲವತ್ತೇಳು ವರ್ಷದಿಂದ ಆ ಕೈಯನ್ನು ಅವನು ಹೀಗೇ, ಮನೆಯೊಳಗಿನ ಬುದ್ಧಿ ನಿಲ್ಲದ ಮಗುವನ್ನು ಹೊರಗಿನವರ ಕಣ್ಣಿಗೆ ಬೀಳಿಸದೆ ಸಾಕುವ ಹಾಗೆ, ಸಾಕಿಕೊಂಡು ಬಂದಿದ್ದ. ಬಸ್ಸಿನ ತುಂಬ ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಹೋಗುವ ಹೆಣ್ಣುಮಕ್ಕಳು; ಕೊರಳಲ್ಲಿ ನೀಲಿ ದಾರದ ಕಾರ್ಡು, ಮಡಿಲಲ್ಲಿ ಊಟದ ಡಬ್ಬಿ. ಪಕ್ಕದ ಹುಡುಗಿ ಸೊಪ್ಪಿನ ವಾಸನೆಗೆ ತಿರುಗಿ, "ಹುಳ ಮೇಯಿಸ್ತೀರಾ ತಾತ? ನಮ್ಮನೇಲೂ ಇತ್ತು, ಈಗ ಬುಟ್ಬುಟ್ವಿ," ಅಂದಳು. ಕರಿಯಪ್ಪ ಹೂಂ ಅಂದ. ಬೆಳಿಗ್ಗೆ ಹೊರಡುವಾಗ ಹೆಂಡತಿ ಕೆಂಚಮ್ಮ ಬಾಗಿಲಲ್ಲಿ ನಿಂತು ಮೇಲಿಂದ ಕೆಳಕ್ಕೆ ನೋಡಿದ್ದಳು. "ಇಸ್ತ್ರಿ ಶರಟು ಬ್ಯಾರೆ. ಹೆಣ್ಣು ನೋಡಕ್ಕೆ ಹೊಂಟೀರಾ? ಹುಳಕ್ಕೆ ಹಾಕೋ ಸೊಪ್ಪ ಮೂಸಿಯಮ್ಮಿಗೆ ಹೊತ್ಕೊಂಡು ಹೋಗೋ ಗಂಡಸ್ನ ನಾನಂತೂ ಎಲ್ಲೂ ಕಂಡಿಲ್ಲ." ಅದಕ್ಕೂ ಅವನು ಹೂಂ ಅಂದಿದ್ದ.

ಫೋನು ಮಾಡಿದ್ದು ಅಮೂಲ್ಯ. ಕನಕಪುರದ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು. ಒಂದು ಕಾಲಕ್ಕೆ ಕರಿಯಪ್ಪನ ಮನೆಯ ಹೊಲದಲ್ಲಿ ದುಡಿಯುತ್ತಿದ್ದ ಮುನಿಶಾಮಯ್ಯನ ಮೊಮ್ಮಗಳು. ಬೋರಲಿಂಗಯ್ಯನವರ ಸ್ಮಾರಕ ಭವನದಲ್ಲಿ ವಸ್ತುಗಳನ್ನು ಜೋಡಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. "ಕತ್ತಿ ಸಿಕ್ತು ತಾತ. ಕೋರ್ಟಲ್ಲಿ ಚೀಲದೊಳಗೆ ಬಿದ್ದಿತ್ತು, ಅರ್ಜಿ ಹಾಕಿ ಹಾಕಿ ಕೊನೆಗೂ ಕೊಟ್ರು. ಆಗೆಲ್ಲ ಸೊಪ್ಪು ಹೆಂಗೆ ಕುಯ್ತಿದ್ರು ಅಂತ ತೋರಿಸೋರು ಈಗ ಒಬ್ರೂ ಇಲ್ಲ. ನಿಮಗೆ ಗೊತ್ತು ಅಂತ ನಮ್ಮಜ್ಜಿ ಹೇಳ್ತಿದ್ರು. ಒಂದು ಕಟ್ಟು ಸೊಪ್ಪು ತಗೊಂಡು ಬನ್ನಿ." ಬತ್ತೀನಿ ಕಣವ್ವ ಅಂದುಬಿಟ್ಟಿದ್ದ. ಅವಳು ಹೇಳಿದ್ದು ನಿಜ, ಸೊಪ್ಪು ಕುಯ್ಯುವವರು ಈಗ ಯಾರೂ ಇಲ್ಲ. ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ ಹುಳುವನ್ನೇ, ಮರಿಹುಳು ಸಾಕಿ ಮಾರುವ ಚಾಕಿ ಸೆಂಟರಿನಿಂದ ತಂದು, ಕಡ್ಡಿಸಮೇತ ಸೊಪ್ಪು ಹಾಸಿದರೆ ಆಯಿತು. ಆಗ ಹಾಗಲ್ಲ. ಮೊಟ್ಟೆಯೊಡೆದ ಹುಳು ಎಳ್ಳಿಗಿಂತ ಸಣ್ಣದು. ಎಳೆ ಸೊಪ್ಪನ್ನು ಸುರುಳಿ ಸುತ್ತಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ, ಅಕ್ಕಿನುಚ್ಚಿನ ಗಾತ್ರಕ್ಕೆ ಕುಯ್ದು ಉದುರಿಸಬೇಕು. ಕತ್ತಿ ಮೊಂಡಾದರೆ ಸೊಪ್ಪಿನ ಅಂಚು ಜಜ್ಜಿಹೋಗುತ್ತದೆ, ಜಜ್ಜಿದ್ದು ಒಣಗುತ್ತದೆ, ಒಣಗಿದ್ದನ್ನು ಹುಳು ಮುಟ್ಟುವುದಿಲ್ಲ. ಅದಕ್ಕೇ ಸೊಪ್ಪಿನ ಕತ್ತಿಗೆ ಒಂದೇ ಮೈ ಸಾಣೆ. ಬಲಗೈಯವರಿಗೆ ಬಲಮೈ. ಕರಿಯಪ್ಪನ ಕತ್ತಿಗೆ ಎಡಮೈ.

ಆ ಕತ್ತಿಯ ಹಿಡಿ ಸಡಿಲವಾದಾಗ ತಾಮ್ರದ ತಂತಿ ಸುತ್ತಿದ್ದು ಅವನೇ, ಹನ್ನೊಂದು ಸುತ್ತು. ಹನ್ನೊಂದನೆಯದು ಅರ್ಧಕ್ಕೆ ಮುಗಿದು, ಅದರ ತುದಿ ಅಂಗೈಗೆ ಚುಚ್ಚುತ್ತಿತ್ತು. ಮೇಷ್ಟರು ಗಿಣ್ಣಿನ ಮೇಲೆ ಬಾರಿಸಿ ಬಾರಿಸಿ ಬರೆಯುವುದನ್ನು ಬಲಗೈಗೆ ತಂದಿದ್ದರು. ಮೂರನೇ ಕ್ಲಾಸಿಗೆ ಸ್ಕೂಲು ನಿಂತಿತು, ಬಲಗೈ ಉಳಿಯಿತು. ಉಣ್ಣುವುದನ್ನು ಅವ್ವ ತಿದ್ದಿದಳು. ಸೊಪ್ಪು ಕುಯ್ಯುವುದೊಂದೇ ಎಡಗೈಯಲ್ಲಿ ಉಳಿದದ್ದು, ಅದೂ ಹುಳುಮನೆಯ ಒಳಗೆ. ಹುಳುಮನೆಗೆ ಹೊರಗಿನವರು ಬರುವ ಹಾಗಿಲ್ಲ. ಹೊಸಿಲಿಗೆ ಸುಣ್ಣದ ಪುಡಿ ಚೆಲ್ಲಿರುತ್ತದೆ, ಯಾರ ಕಾಲಲ್ಲಿ ಯಾವ ರೋಗವೋ ಎಂಬ ಭಯ. ಹಾಗಾಗಿ ಅವನು ಎಡಗೈಯಲ್ಲಿ ಕುಯ್ಯುತ್ತಾನೆಂದು ಗೊತ್ತಿದ್ದದ್ದು ನಾಲ್ಕು ಜನಕ್ಕೆ. ಅವ್ವನಿಗೆ. ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸುತ್ತಿದ್ದ ಮುನಿಶಾಮಯ್ಯನಿಗೆ. ಚಿಕ್ಕಪ್ಪನ ಮಗ ಹೊಂಬಾಳಯ್ಯನಿಗೆ. ನಾಲ್ಕನೆಯವರು ಬೋರಲಿಂಗಯ್ಯನವರು.

ಬೋರಲಿಂಗಯ್ಯನವರು ಯಾರ ಮನೆಗೆ ಹೋದರೂ ಮಂಚ ಹಾಕಿಸಿಕೊಂಡು ಕೂತವರಲ್ಲ. ಕಾಲು ತೊಳೆದು, ಸುಣ್ಣ ತುಳಿದು, ನೇರ ಹುಳುಮನೆಗೆ ಬಂದು ಚಕ್ಕಳಮಕ್ಕಳ ಹಾಕಿ, "ಕೊಡ್ರಪ್ಪ ಕತ್ತಿ, ಸುಮ್ಕೆ ಮಾತಾಡಿದ್ರೆ ಬಾಯಿ ಒಣಗ್ತದೆ," ಎಂದು ಸೊಪ್ಪು ಕುಯ್ಯುತ್ತ ಮಾತಿಗೆ ಶುರುಮಾಡುತ್ತಿದ್ದರು. ಕೇರಿಯ ಮನೆಗಳಲ್ಲೂ ಹಾಗೇ. ಮುನಿಶಾಮಯ್ಯನ ಗುಡಿಸಲಲ್ಲಿ ಕೂತು ರಾಗಿ ಅಂಬಲಿ ಕುಡಿದದ್ದನ್ನು ಊರು ಒಂದು ತಿಂಗಳು ಆಡಿಕೊಂಡಿತ್ತು, ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಆಗ ರೇಷ್ಮೆಗೂಡಿನ ವ್ಯಾಪಾರ ಟವೆಲ್ಲಿನ ಅಡಿಯಲ್ಲಿ ನಡೆಯುತ್ತಿತ್ತು. ದಲ್ಲಾಳಿಯೂ ಕೊಳ್ಳುವವನೂ ಕೈಮೇಲೆ ಬಟ್ಟೆ ಮುಚ್ಚಿಕೊಂಡು ಒಳಗೆ ಬೆರಳು ಹಿಡಿದು ಬೆಲೆ ಕಟ್ಟುವರು. ಬೆಳೆದವನು ಎದುರಿಗೆ ನಿಂತು ಬಟ್ಟೆ ಅಲುಗುವುದನ್ನು ನೋಡಬೇಕು, ಅಷ್ಟೇ. ಬೋರಲಿಂಗಯ್ಯನವರು ಹೇಳಿದ್ದು ಒಂದೇ ಮಾತು. "ಬಟ್ಟೆ ತೆಗೀರಪ್ಪ, ಬೆರಳ ನಾವೂ ನೋಡಣ." ಆ ಒಂದು ಮಾತು ಹಿಡಿದು ತಾಲ್ಲೂಕು ಬೋರ್ಡಿನ ಎಲೆಕ್ಷನ್ನಿಗೆ ನಿಂತರು. ದೊಡ್ಡಆಲಹಳ್ಳಿಯ ಸಂತೆಯಲ್ಲಿ ಅವರು ಅದನ್ನು ಹೇಳಿದರೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುವರು, ದಲ್ಲಾಳಿಗಳು ನಗುತ್ತಿರಲಿಲ್ಲ.

ಒಂದು ಸಲ ಅವರು ಕರಿಯಪ್ಪನ ಕತ್ತಿ ಹಿಡಿದು ನಾಲ್ಕು ಏಟು ಹಾಕಿ ನಿಲ್ಲಿಸಿದರು. "ಏನ್ಲಾ ಇದು, ನಿನ್ನ ಕತ್ತಿ ನನ್ನ ಮಾತೇ ಕೇಳಲ್ವಲ್ಲೋ. ಬಲಕ್ಕೆ ಬಾ ಅಂದ್ರೆ ಎಡಕ್ಕೆ ಹೋಯ್ತದೆ." ಕರಿಯಪ್ಪ ನಾಚಿ, "ಎಡಗೈಗೆ ಸಾಣೆ ಹಿಡ್ದಿರೋದು ಕಣಣ್ಣ," ಅಂದ. ಹಂಗಾದ್ರೆ ನೀನೇ ಕುಯ್ಯಿ ನೋಡಣ ಎಂದು ಕತ್ತಿ ಕೊಟ್ಟರು. ಅವನು ಕುಯ್ದ. ಅವರು ಮಾತು ಬಿಟ್ಟು ನೋಡಿದರು, ಒಂದು ತಟ್ಟೆ ಸೊಪ್ಪು ಮುಗಿಯುವವರೆಗೂ ನೋಡಿದರು, ಆಮೇಲೆ ಒಂದು ಚಿಟಿಕೆ ಎತ್ತಿ ಬೆಳಕಿಗೆ ಹಿಡಿದು, "ಎಲ್ಲಾನೂ ತಿದ್ದುಸ್ಕೊಂಡೆ ಅಂದ್ಯಲ್ಲ, ಇದೊಂದ ಬುಡಬ್ಯಾಡ ಕಣ್ಲಾ," ಅಂದರು. ಅವನ ಎಡಗೈಯನ್ನು ಹೊಗಳಿದ ಮನುಷ್ಯ ಈ ಭೂಮಿಯ ಮೇಲೆ ಅವರೊಬ್ಬರೇ. ಬಸ್ಸು ರಸ್ತೆಯ ಹಂಪಿನ ಮೇಲೆ ಕುಲುಕಿತು. ಸೊಪ್ಪಿನ ಕೆಳಗೆ ಆ ಕೈ ಬೆವತಿತ್ತು.

ಎಲೆಕ್ಷನ್ನಿಗೆ ಇನ್ನು ಏಳು ದಿನ ಇತ್ತು. ಮಧ್ಯಾಹ್ನ ಹೊಂಬಾಳಯ್ಯ ಬಂದು ಹಿತ್ತಿಲ ಬಾಗಿಲಲ್ಲಿ ನಿಂತ. ದಲ್ಲಾಳಿಗಳ ಹಿಂದೆ ಓಡಾಡುವವನು, ಶರಟಿನ ಜೇಬಿನಲ್ಲಿ ಯಾವಾಗಲೂ ಸಿಗರೇಟು. "ಕತ್ತಿ ಕೊಡ್ಲಾ. ನಮ್ಮನೇದು ಮೊಂಡಾಗದೆ. ಹುಳ ಜ್ವರ ಎದ್ದವೆ, ಬಾಯಿ ಬಿಡ್ತಾವೆ." ಹುಳು ಹಸಿದಿದೆ ಎಂದು ಬಂದವರಿಗೆ ಆ ಸೀಮೆಯಲ್ಲಿ ಯಾರೂ ಸೊಪ್ಪನ್ನಾಗಲಿ ಕತ್ತಿಯನ್ನಾಗಲಿ ಇಲ್ಲ ಅನ್ನುವುದಿಲ್ಲ. ಜಗಳವಾಡಿ ಮಾತು ಬಿಟ್ಟ ಮನೆಗಳೂ ಅಷ್ಟು ಹೊತ್ತು ಮಾತಾಡುತ್ತವೆ. ಕರಿಯಪ್ಪ ಕೊಟ್ಟ. ಹೊಂಬಾಳಯ್ಯ ಅಂಚಿನ ಮೇಲೆ ಹೆಬ್ಬೆರಳು ಸವರಿ, "ಒಸಿ ಸಾಣೆ ಹಿಡ್ದು ಕೊಡ್ಲಾ ಎಡಚ, ನಿನ್ನಂಗೆ ಹಿಡಿಯಕ್ಕೆ ನಮಗ್ಯಾರಿಗೆ ಬತ್ತದೆ," ಅಂದ. ಎಡಚ ಅಂದದ್ದು ಚುಚ್ಚಿತು, ನಿನ್ನಂಗೆ ಅಂದದ್ದು ಹಿತವಾಯಿತು. ಕಲ್ಲಿಗೆ ನೀರು ಚಿಮುಕಿಸಿ, ಕೂದಲು ಇಟ್ಟರೆ ಎರಡಾಗುವ ಹಾಗೆ ಅಂಚು ತಂದು, ಒರೆಸಿ, ಹಿಡಿಯ ಕಡೆಯಿಂದಲೇ ಕೊಟ್ಟ. ಹೊಂಬಾಳಯ್ಯ ಬೇಲಿ ದಾಟಿದ ಮೇಲೆ ನೆನಪಾಯಿತು: ಈ ಬೆಳೆಗೆ ಅವನ ಮನೆಯವರು ಮೊಟ್ಟೆಯನ್ನೇ ತಂದಿರಲಿಲ್ಲ. ಕೂಗಬೇಕೆಂದು ಬಾಯಿ ತೆರೆದ. ವಯಸ್ಸಿನಲ್ಲಿ ಹಿರಿಯ, ಅಣ್ಣನಾಗಬೇಕು. ಯಾವ ಹುಳುವಣ್ಣ ಎಂದು ಕೇಳಿದರೆ ನಾಲ್ಕು ಜನರ ಮುಂದೆ ಎಡಚ ಅಂತ ಆಡಿಕೊಂಡಾನು. ತಟ್ಟೆಯಲ್ಲಿ ಕುಯ್ದ ಸೊಪ್ಪು ಬಾಡುತ್ತಿತ್ತು. ಬಾಯಿ ಮುಚ್ಚಿಕೊಂಡು ಒಳಗೆ ಹೋದ. ಕರಿಯಪ್ಪ ತನ್ನ ಜೀವಮಾನದಲ್ಲಿ ಮಾಡಿದ್ದು ಇಷ್ಟೇ. ಎಷ್ಟು ಸಲ ಅಳೆದರೂ ಅದು ಒಂದು ಕೂಗಿನಷ್ಟು ಉದ್ದವಿತ್ತು.

ಕನಕಪುರದಲ್ಲಿ ಇಳಿದು ಭವನಕ್ಕೆ ನಡೆದೇ ಹೋದ. ಬಾಗಿಲಲ್ಲಿ ಸಮಿತಿಯ ಕಾರ್ಯದರ್ಶಿ ಅಶ್ವಥ್ ನಿಂತಿದ್ದ. ಅವನ ಊರಿನವನೇ, ವರಸೆಯಲ್ಲಿ ಅಳಿಯ. "ಬನ್ನಿ ಮಾವ, ಬನ್ನಿ. ಸೊಪ್ಪು ತಂದ್ರಾ? ಒಳ್ಳೇದಾಯ್ತು." ಒಳಗೆ ಸುಣ್ಣದ ವಾಸನೆ. ಗೋಡೆಯ ಮೇಲೆ ಬೋರಲಿಂಗಯ್ಯನವರ ಚಿತ್ರ, ಪಕ್ಕದಲ್ಲಿ ಅವರ ಹೆಂಡತಿ ದೊಡ್ಡಲಕ್ಷ್ಮಮ್ಮನವರದು. ಹೂವಿನ ಹಾರ ಇನ್ನೂ ಹಾಕಿರಲಿಲ್ಲ. ನಡುವೆ ಮೇಜಿನ ಮೇಲೆ, ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು, ಬಿಳಿ ಬಟ್ಟೆಯ ಮೇಲೆ ಕತ್ತಿ. ಇಷ್ಟು ಸಣ್ಣದಾಗಿತ್ತೇ ಅನ್ನಿಸಿತು. ತಂತಿ ಕಪ್ಪಾಗಿತ್ತು. ಎಣಿಸಬಾರದೆಂದುಕೊಂಡೇ ಎಣಿಸಿದ, ಹತ್ತೂವರೆ. ಅಶ್ವಥ್ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ಹೇಳಿ ರೂಢಿಯಾದ ದನಿಯಲ್ಲಿ, "ತಮಿಳ್ನಾಡು ಸೇಲಮ್ಮಿಂದ ತರಿಸಿದ್ದಂತೆ ಮಾವ, ಆ ಕಾಲಕ್ಕೇ. ಕೊಲೆ ಮಾಡಕ್ಕೇ ಅಂತ ಮಾಡಿಸಿರೋ ಕತ್ತಿ. ಅಂಚಿಗೆ ವಿಷ ಕುಡಿಸಿದ್ರು ಅಂತಾರೆ," ಅಂದ. ಅಮೂಲ್ಯ ಒಳಕೋಣೆಯಿಂದ ಬರುತ್ತ, "ಅಶ್ವಥಣ್ಣ, ಸೇಲಮ್ಮು ಅಂತ ಎಲ್ಲೂ ಬರ್ದಿಲ್ಲ. ವಿಷಾನೂ ಇಲ್ಲ. ನೀವು ಒಸಿ ಸುಮ್ನಿರಿ," ಎಂದಳು. "ಅಲ್ಲಾ ಕಣಮ್ಮ, ಅಂಥಾ ದೊಡ್ಡ ಮನುಷ್ಯನ್ನ ಸೊಪ್ಪಿನ ಕತ್ತೀಲಿ ಹೊಡೆದ್ರು ಅಂದ್ರೆ ಕೇಳೋರಿಗೆ ಒಂಥರಾ ಸಪ್ಪೆ ಅನ್ನಿಸ್ತದೆ." "ಅವರೇ ಹೇಳವ್ರಲ್ಲ ಸೊಪ್ಪಿನ ಕತ್ತಿ ಅಂತ."

ಹೌದು, ಅವರೇ ಹೇಳಿದ್ದರು. ಕರಿಯಪ್ಪ ಕತ್ತಿ ಕೊಟ್ಟ ದಿನವೇ, ಸಂಜೆ ಮಬ್ಬಿನಲ್ಲಿ ಅವರು ಸೈಕಲ್ಲು ತಳ್ಳಿಕೊಂಡು ತೋಟದ ಬದುವಿನ ಮೇಲೆ ಬರುವಾಗ ಏಟು ಬಿತ್ತು. ಕತ್ತಿಗೆ ಕುತ್ತಿಗೆ ಗುರಿ. ಬಲಗೈಯಲ್ಲಿ ಬೀಸಿದ ಎಡಮೈ ಕತ್ತಿ ವಾಲಿ ಹೆಗಲಿಗೆ ಕಚ್ಚಿತು. ಹೊಡೆದವನು ಕತ್ತಿಯನ್ನು ಅಲ್ಲೇ ಎಸೆದು ಓಡಿದ. ಬೋರಲಿಂಗಯ್ಯನವರು ಮೂರು ಗಂಟೆ ಬದುಕಿದ್ದರು. ಆ ಮೂರು ಗಂಟೆ ತನ್ನ ಸಾಣೆ ಕೊಟ್ಟದ್ದೆಂದು ಕರಿಯಪ್ಪ ಒಮ್ಮೊಮ್ಮೆ ಸಮಾಧಾನ ಮಾಡಿಕೊಳ್ಳಲು ನೋಡುತ್ತಾನೆ, ಆಗುವುದಿಲ್ಲ. ಆಸ್ಪತ್ರೆಯಲ್ಲಿ ಬರೆದುಕೊಳ್ಳುವವರು ಯಾರು ಹೊಡೆದದ್ದು ಎಂದು ಕೇಳಿದರು. "ಮಬ್ಬಿತ್ತು, ಕಾಣ್ನಿಲ್ಲ." ಕತ್ತಿ ಯಾರದು, ನೋಡಿದಿರಾ? ನೋಡಿದರು. ಗೋಣಿಚೀಲದ ಮೇಲಿಟ್ಟು ದೀಪದ ಕೆಳಗೆ ತೋರಿಸಿದ್ದನ್ನು ಬಹಳ ಹೊತ್ತು ನೋಡಿದರಂತೆ. "ಸೊಪ್ಪಿನ ಕತ್ತಿ. ಎಲ್ಲಾರ ಮನೇಲೂ ಐತೆ. ಅದ ಹಿಡ್ಕೊಂಡು ಯಾರ ಮನೆ ಮುಂದಕ್ಕೂ ಹೋಗಬ್ಯಾಡಿ." ಅದೇ ಕೊನೆಯ ಮಾತು. ಆ ಮಾತು ಈಗ ಭವನದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿದೆ. ಅವತ್ತು ಬಡಿಗೆ ಹಿಡಿದು ಆಸ್ಪತ್ರೆಯ ಮುಂದೆ ನಿಂತಿದ್ದ ಇನ್ನೂರು ಜನ ಬಡಿಗೆ ಕೆಳಗಿಟ್ಟು ಮನೆಗೆ ಹೋದರು. ಒಂದು ಊರಿಗೂ ಬೆಂಕಿ ಬೀಳಲಿಲ್ಲ. ಸಾಯುತ್ತಿರುವ ಮನುಷ್ಯ ಹಾಗೆ ಇನ್ನೊಬ್ಬರ ಮನೆ ಕಾಯುವುದನ್ನು ಕರಿಯಪ್ಪ ಆಮೇಲೆ ಎಲ್ಲೂ ಕಾಣಲಿಲ್ಲ, ಕೇಳಲಿಲ್ಲ. ಆದರೆ ತಂತಿಯ ಹಿಡಿಯನ್ನು ಅವರು ಗುರುತಿಸಿದ್ದರು. ಅದು ಅವನೊಬ್ಬನಿಗೆ ಗೊತ್ತು. ಅವರು ಆ ಹಿಡಿಯನ್ನು ಹಿಡಿದವರು, ತುದಿ ಅಂಗೈಗೆ ಚುಚ್ಚಿ ನಕ್ಕವರು. ಕರಿಯನೇ ಕಳಿಸಿದ ಎಂದುಕೊಂಡು ಬಾಯಿ ಮುಚ್ಚಿದರೋ, ಕರಿಯ ಇಂಥದ್ದು ಮಾಡುವವನಲ್ಲ ಎಂದುಕೊಂಡು ಮುಚ್ಚಿದರೋ. ಎರಡರಲ್ಲೂ ಅವರು ದೊಡ್ಡವರೇ. ಮೊದಲನೆಯದಾದರೆ ಆ ಭಾರ ಹೊತ್ತುಕೊಂಡು ಹೋದರಲ್ಲ ಎಂಬುದು ಅನ್ನ ಕಲಸುವಾಗ, ನೀರು ಕಟ್ಟುವಾಗ, ಯಾರೋ ತಮಾಷೆ ಹೇಳಿ ಎಲ್ಲರೂ ನಗುವಾಗ, ನೆನಪಾಗಿ ಅವನ ಕೈ ಅಲ್ಲಲ್ಲೇ ನಿಂತುಬಿಡುತ್ತಿತ್ತು.

"ಈ ಕತ್ತಿ ದೊಡ್ಡದಾಗಿದ್ದು ಆಮೇಲೆ," ಅಮೂಲ್ಯ ಅಶ್ವಥ್‌ಗೆ ಹೇಳುತ್ತಿದ್ದಳು, ಪಾಠ ಹೇಳುವ ದನಿ ಬಂದಿತ್ತು. "ದೊಡ್ಡಲಕ್ಷ್ಮಮ್ಮನವರು ತಿಥಿಯ ಮಾರನೇ ದಿನ ಏನು ಮಾಡಿದ್ರು ಅಂತ ಬರೀತೀನಿ, ಸೇಲಮ್ಮು ಯಾಕೆ ಬೇಕು?" ಕರಿಯಪ್ಪ ಅದನ್ನು ಕಣ್ಣಾರೆ ಕಂಡವನು. ಆ ಹೆಂಗಸು ಮನೆಯ ಸೊಪ್ಪಿನ ಕತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬಳೇ ಕನಕಪುರದ ದಾರಿ ಹಿಡಿದಳು. ಊರೂರಲ್ಲಿ ಹೆಂಗಸರು ತಮ್ಮ ತಮ್ಮ ಕತ್ತಿ ತಗೊಂಡು ಹಿಂದೆ ಸೇರಿದರು. ಮಾಗಡಿ ಸೀಮೆಯ ತಿಪ್ಪಸಂದ್ರದ ಕಡೆಯಿಂದಲೂ ಲಾರಿ ಹತ್ತಿ ಬಂದರು. ತಾಲ್ಲೂಕು ಕಚೇರಿಯ ಮುಂದೆ ಕತ್ತಿಗಳ ರಾಶಿ ಬಿತ್ತು. "ಎಲ್ಲಾರ ಮನೇಲೂ ಐತೆ ಅಂದ್ರಲ್ಲ ನಮ್ಮೆಜಮಾನ್ರು. ತಂದಿವ್ನಿ. ಯಾವ್ದು ಅಂತ ಹುಡುಕ್ಕಳಿ. ಹುಡುಕಕ್ಕಾಗ್ದಿದ್ರೆ ಆ ಬಟ್ಟೆ ತೆಗೀರಿ." ಅಳಲಿಲ್ಲ, ದನಿ ಎತ್ತರಿಸಲಿಲ್ಲ, ಅಷ್ಟು ಹೇಳಿ ನೆಲದ ಮೇಲೆ ಕೂತಳು. ಮೂರು ದಿನ ಆ ರಾಶಿ ಅಲ್ಲಿಂದ ಕದಲಲಿಲ್ಲ. ವರ್ಷ ತುಂಬುವುದರೊಳಗೆ ಟವೆಲ್ಲು ಹೋಯಿತು, ಬೆಲೆಯನ್ನು ಬಾಯಿಬಿಟ್ಟು ಕೂಗುವುದು ಬಂತು. ಇವತ್ತಿಗೂ ಆ ಊರುಗಳಲ್ಲಿ ಆಯುಧಪೂಜೆಯ ದಿನ ಸೊಪ್ಪಿನ ಕತ್ತಿಗೆ ಅರಿಶಿನ ಮುಟ್ಟಿಸುತ್ತಾರೆ, ಕುಂಕುಮ ಇಡುವುದಿಲ್ಲ. ಕರಿಯಪ್ಪನ ಅವ್ವನೂ ಆ ಸಾಲಿನಲ್ಲಿ ಹೋಗಿದ್ದಳು. ಅವಳು ಒಯ್ದದ್ದು ಹುಲ್ಲು ಕುಯ್ಯುವ ಕುಡುಗೋಲು. ಸೊಪ್ಪಿನ ಕತ್ತಿ ಇರುತ್ತಿದ್ದ ಗೋಡೆಯ ಗೂಡಿಗೆ ಕೈ ಹಾಕಿ, ಬರಿಗೈ ತೆಗೆದು, ಮಗನ ಮುಖ ಒಂದು ಸಲ ನೋಡಿ, ಕುಡುಗೋಲು ತಗೊಂಡಳು.

ಅಮೂಲ್ಯ ಒಂದು ರಟ್ಟಿನ ಕಾರ್ಡು ತಂದು ಕತ್ತಿಯ ಪಕ್ಕದಲ್ಲಿಟ್ಟಳು. "ಅಚ್ಚು ಹಾಕಿಸೋಕೆ ಮುಂಚೆ ಬರ್ದಿದೀನಿ ತಾತ. ತಪ್ಪಿದ್ರೆ ಹೇಳಿ." ಕರಿಯಪ್ಪ ಅಕ್ಷರಗಳ ಮೇಲೆ ಬಲಗೈಯ ಬೆರಳಿಟ್ಟು, ತುಟಿ ಅಲುಗಿಸುತ್ತ ಓದಿದ. ಸೊಪ್ಪು ಕುಯ್ಯುವ ಕತ್ತಿ. ಎಡಗೈಯವರಿಗಾಗಿ ಸಾಣೆ ಹಿಡಿದದ್ದು. ಈ ಒಂದೇ ಕಾರಣಕ್ಕೆ ಮುನಿಶಾಮಯ್ಯ ಎಂಬ ನಿರಪರಾಧಿಯನ್ನು ಹದಿನಾಲ್ಕು ತಿಂಗಳು ಸೆರೆಯಲ್ಲಿಡಲಾಯಿತು. ಕತ್ತಿ ಯಾರದೆಂದು ಇಂದಿಗೂ ತಿಳಿದಿಲ್ಲ.

ಕೊಲೆಯಾದ ಮೇಲೆ ಪೊಲೀಸರು ಊರ ಚಾವಡಿಯ ಮುಂದೆ ಗಂಡಸರನ್ನೆಲ್ಲ ಸಾಲಾಗಿ ಕೂರಿಸಿದ್ದರು. ಕತ್ತಿ ನೋಡಿದ ಕಮ್ಮಾರ ಎಡಮೈ, ಎಡಗೈಯವನದು ಎಂದು ಹೇಳಿದ್ದ. ಒಬ್ಬೊಬ್ಬರಿಗೂ ಒಂದು ಹಿಡಿ ಸೊಪ್ಪು, ಒಂದು ಕತ್ತಿ, ಕುಯ್ಯಿರಿ ಅಂದರು. ಕರಿಯಪ್ಪ ಬಲಗೈಯಲ್ಲಿ ಹಿಡಿದ. ಅದುವರೆಗೆ ಆ ಕೈ ಸೊಪ್ಪು ಕುಯ್ದದ್ದೇ ಇಲ್ಲ. ಎರಡನೇ ಏಟಿಗೆ ಎಡಗೈಯ ತೋರುಬೆರಳು ಸೀಳಿತು, ರಕ್ತವನ್ನು ಸೊಪ್ಪಿನಲ್ಲೇ ಒರೆಸಿದ. "ಮೊದಲನೇ ಸಲವೇನಯ್ಯ?" ಎಂದು ಪೇದೆ ನಕ್ಕು ಮುಂದಕ್ಕೆ ಹೋದ. ಕೊನೆಯಲ್ಲಿ, ಎಲ್ಲರಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದ ಮುನಿಶಾಮಯ್ಯ, ಅವನೂ ಎಡಗೈಯವನೇ. ಅವನು ಈ ಸಾಲಿನಲ್ಲಿ ನಡೆದದ್ದನ್ನೆಲ್ಲ ನೋಡಿದ್ದ. ಕರಿಯಪ್ಪನ ಬಲಗೈಯನ್ನೂ ನೋಡಿದ್ದ. ಕತ್ತಿ ಬಂದಾಗ ಒಂದು ಗಳಿಗೆಯೂ ಯೋಚಿಸದೆ ಎಡಗೈಯಲ್ಲಿ ತಗೊಂಡು, ನೆಟ್ಟಗೆ ಕೂತು, ತನಗೆ ಬರುವ ಹಾಗೆ ಚೆನ್ನಾಗಿ ಕುಯ್ದ. ಅವನ ಹೆಂಡತಿ ಅಂಕಮ್ಮ ಜೀಪಿನ ಹಿಂದೆ ಕೆರೆಯ ಏರಿಯವರೆಗೂ ಓಡಿದಳು. ಹೊಂಬಾಳಯ್ಯ ಅದೇ ಸಾಲಿನಲ್ಲಿ ಬಲಗೈಯಲ್ಲಿ ಕುಯ್ದು ಎದ್ದು ಹೋಗಿದ್ದ. ಇಪ್ಪತ್ತು ವರ್ಷ ಕಳೆದು ಗಂಟಲ ಹುಣ್ಣಿನಲ್ಲಿ ಸತ್ತ, ಊರು ಅವನನ್ನು ಚೆನ್ನಾಗಿಯೇ ಮಣ್ಣುಮಾಡಿತು. ಸಾಕ್ಷಿಯಿಲ್ಲವೆಂದು ಬಿಟ್ಟ ಮೇಲೆ ಮುನಿಶಾಮಯ್ಯ ಮತ್ತೆ ಕೆಲಸಕ್ಕೆ ಬಂದ. ಹೊರೆ ಇಳಿಸಿ, ಹುಳುಮನೆಯ ಬಾಗಿಲಲ್ಲಿ ನಿಂತು, ಕರಿಯಪ್ಪ ಬಲಗೈಯಲ್ಲಿ ಸೊಪ್ಪು ಕುಯ್ಯುವುದನ್ನು ನೋಡಿದ. "ಬಲಗೈ ಚೆನ್ನಾಗಿ ಪಳಗ್ಸವ್ರೆ ಚಿಕ್ಕಗೌಡ್ರು," ಅಂದ. ವ್ಯಂಗ್ಯವಿರಲಿಲ್ಲ, ಸಿಟ್ಟಿರಲಿಲ್ಲ, ಒಬ್ಬ ಕೆಲಸಗಾರ ಇನ್ನೊಬ್ಬನ ಕೆಲಸ ನೋಡಿ ಹೇಳುವ ಮಾತಿನ ಹಾಗಿತ್ತು. ವ್ಯಂಗ್ಯವಿದ್ದಿದ್ದರೆ ಕರಿಯಪ್ಪ ಅದನ್ನು ತಾಳಿಕೊಂಡು ಬದುಕಬಹುದಿತ್ತು.

"ತೋರಿಸ್ತೀರಾ ತಾತ?" ಅಮೂಲ್ಯ ಹಲಗೆ ಇಟ್ಟು, ಕತ್ತಿಯನ್ನು ಬಟ್ಟೆಯಿಂದ ಎತ್ತಿ, ಹಿಡಿಯ ಕಡೆಯಿಂದ ಕೊಟ್ಟಳು. ಅವನ ಬಲಗೈ ಮುಂದೆ ಬಂತು. ಅಂಚನ್ನು ಯಾರೋ ಎಣ್ಣೆ ಹಾಕಿ ಒರೆಸಿದ್ದರು. ಸಾಣೆ ಇನ್ನೂ ಇತ್ತು, ಅವನು ಕೊಟ್ಟದ್ದೇ. ಸೊಪ್ಪು ಸುರುಳಿ ಸುತ್ತಿ ಒಂದು ಏಟು ಹಾಕಿದ. ಕತ್ತಿ ಎಡಕ್ಕೆ ವಾಲಿತು, ಸೊಪ್ಪು ಓರೆಯಾಗಿ ಬಿತ್ತು. ಇನ್ನೊಂದು. "ಸಾಕು ಬುಡಿ ಮಾವ, ಗೊತ್ತಾಯ್ತು," ಅಂದ ಅಶ್ವಥ್. ಅಲ್ಲಿಗೆ ಬಿಡಬಹುದಿತ್ತು. ಅಮೂಲ್ಯ ತಲೆಯಾಡಿಸಿ ಕಾರ್ಡಿನ ಕಡೆಗೆ ಕೈ ಚಾಚಿದ್ದಳು. ಅವಳು ಕಾರ್ಡು ಹಿಡಿದದ್ದು ಎಡಗೈಯಲ್ಲಿ. ಹೆಬ್ಬೆರಳಿನ ಬುಡದಲ್ಲಿ ಶಾಯಿ ಮೆತ್ತಿತ್ತು, ಎಡಗೈಯಲ್ಲಿ ಬರೆಯುವವರಿಗೆ ಮೆತ್ತುವ ಹಾಗೆ. ಯಾವ ಮೇಷ್ಟರೂ ಅವಳ ಗಿಣ್ಣಿಗೆ ಹೊಡೆದಿರಲಿಲ್ಲ. ಕರಿಯಪ್ಪ ಕತ್ತಿಯನ್ನು ಕೈ ಬದಲಾಯಿಸಿದ. ತಂತಿಯ ತುದಿ ಅಂಗೈಯಲ್ಲಿ ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಚುಚ್ಚಿತು. ಬೆರಳುಗಳು ತಾವಾಗಿ ಸೊಪ್ಪನ್ನು ಸುತ್ತಿದವು, ಕತ್ತಿ ಸದ್ದಿಲ್ಲದೆ ಇಳಿಯಿತು, ಉದ್ದಕ್ಕೆ, ಅಡ್ಡಕ್ಕೆ. ಹಲಗೆಯ ಮೇಲೆ ಹಸಿರು ನುಚ್ಚು ಒಂದೊಂದೂ ಒಂದೇ ಅಳತೆಯಲ್ಲಿ ಬಿದ್ದು, ಕೋಣೆಯ ತುಂಬ ಹುಳುಮನೆಯ ವಾಸನೆ ಎದ್ದಿತು. ಕಟ್ಟು ಮುಗಿಯುವವರೆಗೂ ಅವನು ನಿಲ್ಲಿಸಲಿಲ್ಲ. ನಲವತ್ತೇಳು ವರ್ಷ ಮೂಲೆಯಲ್ಲಿ ಕೂತ ಕೈ ಏನನ್ನೂ ಮರೆತಿರಲಿಲ್ಲ.

"ನಂದು ಕಣವ್ವ ಈ ಕತ್ತಿ," ಅಂದ. "ಹೊಂಬಾಳಣ್ಣ ಬಂದು ಕೇಳ್ದ, ಕೊಟ್ಟೆ. ಸಾಣೆ ಹಿಡ್ದು ಕೊಟ್ಟೆ. ನಿಮ್ಮ ತಾತಂಗೆ ಗೊತ್ತಿತ್ತು."

ಅಶ್ವಥ್ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ವಯಸ್ಸಾಯ್ತು ಮಾವ ನಿಮಗೆ, ಏನೇನೋ ಅಂತೀರಿ. ನಾಳಿದ್ದು ಪ್ರಾರಂಭೋತ್ಸವ ಇಟ್ಕೊಂಡು ಮನೆತನದ ಹೆಸರು..." ಎಂದು ನಿಲ್ಲಿಸಿದ. ಅಮೂಲ್ಯ ಹಲಗೆಯಿಂದ ಒಂದು ಚಿಟಿಕೆ ಸೊಪ್ಪು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಹದಿನಾಕು ತಿಂಗಳು, ತಾತ," ಅಂದಳು.

"ಹೂಂ ಕಣವ್ವ."

ಅವಳು ಕಾರ್ಡನ್ನು ಮೇಜಿನ ಮೇಲಿಟ್ಟು, ಕೊನೆಯ ಸಾಲಿನ ಮೇಲೆ ಒಂದು ಗೆರೆ ಎಳೆದು, ಪೆನ್ನನ್ನು ಅವನ ಮುಂದಿಟ್ಟಳು. "ನೀವೇ ಬರೀರಿ. ನಾನು ಬರೆದ್ರೆ ನಮ್ಮ ತಾತನ ಕಡೆ ಬರೆದ್ಲು ಅಂತಾರೆ."

ಕರಿಯಪ್ಪ ಕುರ್ಚಿ ಎಳೆದು ಕೂತ. ಅಕ್ಷರ ಬರುವುದು ಬಲಗೈಗೇ, ಹಾಗಾಗಿ ಪೆನ್ನನ್ನು ಅದೇ ತಗೊಂಡಿತು. ಕಾರ್ಡು ನುಣುಪಾಗಿತ್ತು, ಬರೆಯಹೋದರೆ ಜಾರುತ್ತಿತ್ತು. ಸೊಪ್ಪಿನ ರಸಕ್ಕೆ ಹಸಿರಾದ ಎಡಗೈಯನ್ನು ಅದರ ಮೇಲೆ, ಐದು ಬೆರಳೂ ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ ಊರಿದ. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು, ತನ್ನ ಹೆಸರಿನಿಂದ ಶುರುಮಾಡಿದ.